ಶಬ್ದಕ್ಕೆ ಮೆದುಳಿನ ಅಲೆಗಳ ಉತ್ತರ: ಸರಾಸರಿ ಮೊದಲೋ, ವರ್ಗ ಮೊದಲೋ?

ಕಿವಿಯಿಂದ ಹೊರಟ ಸಂಕೇತ ಕೊನೆಗೆ ಮೆದುಳಿನ ಪಕ್ಕದ ಟೆಂಪೊರಲ್ ಭಾಗದಲ್ಲಿರುವ, ಶಬ್ದ ಗ್ರಹಿಸುವ ಹೊರಪದರವಾದ ಶ್ರವಣ ಕಾರ್ಟೆಕ್ಸ್ ತಲುಪುತ್ತದೆ. ಅಲ್ಲಿನ ನರಕೋಶಗಳು ಗುಂಪಾಗಿ ಏರಿಳಿದಾಗ ಏಳುವ ಅಲೆಯನ್ನು ಇಇಜಿ (ತಲೆಯ ಮೇಲಿಟ್ಟ ಎಲೆಕ್ಟ್ರೋಡ್‌ಗಳಿಂದ ಮೆದುಳಿನ ವಿದ್ಯುತ್ ಅಳೆಯುವ ವಿಧಾನ) ಹಿಡಿಯುತ್ತದೆ. ಥೀಟಾ ಅಲೆ ಅಂದರೆ 4ರಿಂದ 8 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸುತ್ತು), ಗಾಮಾ ಅಂದರೆ ಸುಮಾರು 30ಕ್ಕಿಂತ ಜಾಸ್ತಿ. ಸದ್ಯಕ್ಕೆ ಇಷ್ಟು ಸಾಕು.

ಶಬ್ದ ಬಿದ್ದಾಗ ಅಲೆ ದೊಡ್ಡದಾಗಬಹುದು, ಅಂದರೆ ಪವರ್ ಹೆಚ್ಚಬಹುದು. ಇಲ್ಲವೇ ಗಾತ್ರ ಹಾಗೇ ಇದ್ದು, ಶಬ್ದ ಬಂದ ಪ್ರತಿ ಸಲವೂ ಅಲೆ ಏರಿಳಿತದ ಒಂದೇ ಹಂತದಲ್ಲಿರಬಹುದು, ಅಂದರೆ ಫೇಸ್ ಹೊಂದಿಕೊಳ್ಳಬಹುದು. ಎರಡೂ ಒಟ್ಟಿಗೇ ಆಗುವುದೂ ಉಂಟು.

ಕಷ್ಟ ಶುರುವಾಗುವುದು ಈ ಉತ್ತರವನ್ನು ಇವೋಕ್ಡ್, ಇಂಡ್ಯೂಸ್ಡ್ ಎಂದು ಎರಡಾಗಿ ವಿಂಗಡಿಸುವಲ್ಲಿ. ಫೇಸ್ ಲಾಕ್ ಆಗಿದ್ದರೆ, ಅಂದರೆ ಪ್ರತಿ ಸಲವೂ ಶಬ್ದಕ್ಕೆ ಒಂದೇ ರೀತಿ ಹೊಂದಿಕೊಂಡಿದ್ದರೆ ಇವೋಕ್ಡ್, ಇಲ್ಲದಿದ್ದರೆ ಇಂಡ್ಯೂಸ್ಡ್ ಎಂದು ಎಲ್ಲ ಕಡೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ತಲೆಗೆ ಹತ್ತಿದ್ದು ಪೆನ್ನು ಹಿಡಿದು ಲೆಕ್ಕ ಹಾಕಿದ ಮೇಲೆ.

ಒಂದೇ ಶಬ್ದವನ್ನು ಎರಡು ಸಲ ಕೇಳಿಸಿದಿರಿ ಅಂದುಕೊಳ್ಳಿ. ಶಬ್ದ ಬಂದು 100 ಮಿಲಿಸೆಕೆಂಡಿಗೆ ಮೊದಲ ಸಲ +2 ಮೈಕ್ರೋವೋಲ್ಟ್, ಎರಡನೇ ಸಲ −2. ಪವರ್ ಬೇಕೆಂದರೆ ಇದನ್ನು ವರ್ಗ ಮಾಡಬೇಕು. ಮೊದಲು ಸರಾಸರಿ ತೆಗೆದರೆ 0, ಅದರ ವರ್ಗವೂ 0. ಮೊದಲು ವರ್ಗ ಮಾಡಿದರೆ 4 ಮತ್ತು 4, ಸರಾಸರಿ 4. ಅದೇ ಡೇಟಾ! ಮೊದಲ ದಾರಿಯಲ್ಲಿ ಉಳಿಯುವುದು ಇವೋಕ್ಡ್ ಮಾತ್ರ, ಎರಡನೆಯದರಲ್ಲಿ ಸಿಗುವುದು ಒಟ್ಟು ಪವರ್. ಒಟ್ಟಿನಿಂದ ಇವೋಕ್ಡ್ ಕಳೆದರೆ ಇಂಡ್ಯೂಸ್ಡ್.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 40 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 25 ಮಿಲಿಸೆಕೆಂಡು. ಉತ್ತರ ಒಂದು ಸಲ 12.5 ಮಿಲಿಸೆಕೆಂಡು ತಡವಾದರೂ ಅರ್ಧ ಸುತ್ತು ಜಾರಿತು, ಏರು ಇದ್ದಲ್ಲಿ ಇಳಿವು ಬಂತು, ಸರಾಸರಿಯಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. 5 ಹರ್ಟ್ಸ್ ಅಲೆಯ ಸುತ್ತಿಗೆ 200 ಮಿಲಿಸೆಕೆಂಡು ಬೇಕು. ಅಲ್ಲಿ ಅಷ್ಟೇ ತಡ ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಬರೀ 22.5 ಡಿಗ್ರಿ, ಸರಾಸರಿ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಆದ್ದರಿಂದ ಗಾಮಾ ಇಂಡ್ಯೂಸ್ಡ್ ಆಗಿ ಕಂಡಿತು ಅಂದ ಮಾತ್ರಕ್ಕೆ ಅದಕ್ಕೂ ಶಬ್ದಕ್ಕೂ ಸಂಬಂಧ ಸಡಿಲ ಅಂತ ತೀರ್ಮಾನಿಸಬೇಡಿ. ಚೂರು ಹಿಂದೆಮುಂದೆ ಆಗಿರಬಹುದು, ಅಷ್ಟೇ.

ಫೇಸ್ ಎಷ್ಟು ಹೊಂದಿದೆ ಎಂದು ನೇರವಾಗಿ ಅಳೆಯಲು ಇಂಟರ್ ಟ್ರಯಲ್ ಕೊಹೆರೆನ್ಸ್ ಇದೆ, 0ಯಿಂದ 1ರವರೆಗೆ. ಪ್ರತಿ ಟ್ರಯಲ್‌ನ (ಶಬ್ದ ಕೇಳಿಸಿದ ಒಂದೊಂದು ಸಲದ) ಫೇಸನ್ನು 1 ಉದ್ದದ ಬಾಣವಾಗಿ ಬರೆದು, ಎಲ್ಲ ಬಾಣಗಳ ಸರಾಸರಿ ಬಾಣ ಎಷ್ಟು ಉದ್ದ ಎಂದು ನೋಡುವುದು. ಇಲ್ಲಿ ಹುಷಾರು: ಫೇಸ್ ಪೂರಾ ಅಡ್ಡಾದಿಡ್ಡಿ ಇದ್ದರೂ 10 ಟ್ರಯಲ್‌ಗೆ ಸರಾಸರಿ 0.28ರಷ್ಟು ಬರುತ್ತದೆ, 100 ಟ್ರಯಲ್‌ಗೆ 0.09ರಷ್ಟು. ಎರಡು ಗುಂಪುಗಳನ್ನು ಹೋಲಿಸುವಾಗ ಟ್ರಯಲ್ ಸಂಖ್ಯೆ ಒಂದೇ ಇರಲಿ.

ಸೆಕೆಂಡಿಗೆ 40 ಕ್ಲಿಕ್ ಕೇಳಿಸಿದರೆ ಇಇಜಿಯೂ 40 ಹರ್ಟ್ಸ್‌ನಲ್ಲಿ ಚೆನ್ನಾಗಿ ಏರಿಳಿಯುತ್ತದೆ. ಸಂಶೋಧಕ ಗ್ಯಾಲಂಬೋಸ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ವರದಿ ಮಾಡಿದರು. ನಿದ್ದೆಯಲ್ಲಿ ಈ ಉತ್ತರ ಕುಗ್ಗುತ್ತದೆ. ಅದಕ್ಕೇ ಮಲಗಿದ ಕೂಸುಗಳ ಶ್ರವಣ ಪರೀಕ್ಷೆಗೆ 80 ಹರ್ಟ್ಸ್ ಆಸುಪಾಸಿನ ಮತ್ತು ಅದಕ್ಕೂ ಮೇಲಿನ ವೇಗ ಬಳಸುತ್ತಾರೆ, ಅದು ಹೆಚ್ಚಾಗಿ ಮೆದುಳುಕಾಂಡದಿಂದ ಬರುತ್ತದೆ.

ಮಾತು ಕೇಳುವಾಗ ಥೀಟಾ ಮುಖ್ಯ, ಯಾಕಂದ್ರೆ ಮಾತಿನ ಅಕ್ಷರಗಳ ವೇಗವೂ ಸೆಕೆಂಡಿಗೆ 4–5ರ ಸುತ್ತಮುತ್ತಲೇ ಇರುತ್ತದೆ. ಆದರೆ ಮೆದುಳಿನ ಸ್ವಂತ ಲಯ ಮಾತಿಗೆ ಹೊಂದಿಕೊಂಡಿತೋ, ಸುಮ್ನೆ ಪ್ರತಿ ಅಕ್ಷರಕ್ಕೂ ಹೊಸದೊಂದು ಉತ್ತರ ಬಂದು ಸಾಲಾಗಿ ಕಂಡಿತೋ? ಶಬ್ದ ನಡೆಯುತ್ತಿರುವಾಗ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಹಾಗಾಗಿ ಸಂಶೋಧಕರು ಶಬ್ದ ನಿಲ್ಲಿಸಿ, ಆಮೇಲೂ ಒಂದೆರಡು ಸುತ್ತು ಅದೇ ಲಯ ಮುಂದುವರಿಯುತ್ತದಾ ಎಂದು ಹುಡುಕುತ್ತಾರೆ.