ಅರಿಜೋನಾ ಬೂದೋ, ನೀಲಿಯೋ?

ಯುಎಸ್‌ಎಸ್ ಅರಿಜೋನಾ ಎಂಬ ಅಮೆರಿಕದ ಯುದ್ಧನೌಕೆಯ 1:350 ಅಳತೆಯ ಮಾಡೆಲ್ ಕಿಟ್ ತಂದು ಒಂದು ವರ್ಷವಾಯಿತು. ಅಂಟಿಸುವ ಕೆಲಸ ಮುಗಿದು ಆರು ತಿಂಗಳು. ಬಣ್ಣ ಮಾತ್ರ ಇನ್ನೂ ಹಚ್ಚಿಲ್ಲ. ಡಬ್ಬಿಯೊಳಗಿನ ಹಾಳೆ ನಂಬಿದರೆ ಕೆಲಸ ಸುಲಭ: ಒಡಲಿಗೆ ಗಾಢ ಬೂದು, ಮಾಸ್ಟಿನ ಮೇಲ್ಭಾಗಕ್ಕೆ ತಿಳಿ ಬೂದು. ಆದರೆ ಹಡಗಿನ ಮಾಡೆಲ್ ಕಟ್ಟುವವರನ್ನು ಕೇಳಿ ನೋಡಿ. ಕೆಲವರು ಬೂದು ಅಂತಾರೆ, ಕೆಲವರು ನೀಲಿ ಅಂತಾರೆ. ಎರಡೂ ಕಡೆಯವರ ಕೈಯಲ್ಲಿ ದಾಖಲೆ ಇದೆ.

ಹೋಗಿ ನೋಡಿ ಬರೋಣ ಅಂದರೆ ಆಗುವುದಿಲ್ಲ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿ ಜಪಾನಿನ ದಾಳಿಗೆ ಸಿಕ್ಕಿ ಮುಳುಗಿದ ಆ ಹಡಗು ಇವತ್ತಿಗೂ ಅಲ್ಲೇ ನೀರಿನಡಿ ಇದೆ. ಅದರ 1,177 ಜನ ಅವತ್ತು ಸತ್ತರು. ಈಗ ಅದರ ಮೈಮೇಲೆ ಇರುವುದು ತುಕ್ಕು ಮತ್ತು ಕಡಲಜೀವಿಗಳ ಪದರ.

ಗೊಂದಲ ಹುಟ್ಟಿದ್ದು ಅದೇ ವರ್ಷದ ಜನವರಿಯಲ್ಲಿ. ಶಾಂತಿಕಾಲದಲ್ಲಿ ಅಮೆರಿಕದ ಯುದ್ಧನೌಕೆಗಳು ತಿಳಿ ಬೂದು ಬಣ್ಣದಲ್ಲಿದ್ದವು. ಯುದ್ಧ ಹತ್ತಿರ ಬಂದಂತೆ ನೌಕಾಪಡೆ 'ಶಿಪ್ಸ್-2' ಎಂಬ ಮರೆಬಣ್ಣದ, ಅಂದರೆ ಶತ್ರುವಿನ ಕಣ್ಣು ತಪ್ಪಿಸುವ ಬಣ್ಣದ, ಕೈಪಿಡಿ ಹೊರಡಿಸಿತು. ಅದರ ಮೊದಲ ವಿಧಾನದ ಪ್ರಕಾರ ಹೊಗೆಕೊಳವೆಯ ತುದಿಯ ಎತ್ತರದವರೆಗೆ '5-ಡಿ' ಎಂಬ ಗಾಢ ಬೂದು, ಅದರ ಮೇಲೆ '5-ಎಲ್' ಎಂಬ ತಿಳಿ ಬೂದು. 5-ಡಿ ಹೆಚ್ಚು ದಿನ ಬಾಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಪಿಡಿಯ ಪರಿಷ್ಕೃತ ಆವೃತ್ತಿ ಬಂತು. ಅದರಲ್ಲಿ 5-ಡಿ ಜಾಗಕ್ಕೆ '5-ಎಸ್' ಎಂಬ ಕಡಲನೀಲಿ ಬಂದು ಕೂತಿತ್ತು.

ಹಾಗಾದರೆ ಡಿಸೆಂಬರ್ ಹೊತ್ತಿಗೆ ಅರಿಜೋನಾ ಹೊಸ ಬಣ್ಣ ಬಳಿದುಕೊಂಡಿತ್ತಾ? ಜಗಳ ಇರುವುದು ಇಷ್ಟಕ್ಕೇ. ಅಕ್ಟೋಬರ್ 22ರಂದು ಅರಿಜೋನಾಕ್ಕೂ ಒಕ್ಲಹೋಮಾ ಎಂಬ ಇನ್ನೊಂದು ಯುದ್ಧನೌಕೆಗೂ ಕಡಲಲ್ಲಿ ಡಿಕ್ಕಿಯಾಗಿ, ಅರಿಜೋನಾ ರಿಪೇರಿಗೆ ಹೋಗಿತ್ತು. ಹೊಸ ಬಣ್ಣ ಆಗಲೇ ಬಿದ್ದಿರಬೇಕು ಅಂತ ನೀಲಿ ಪಕ್ಷದವರು ಇದನ್ನೂ ಹೇಳುತ್ತಾರೆ, ಹಡಗು ನೀಲಿಯಾಗಿತ್ತು ಎಂದ ನಾವಿಕರ ನೆನಪನ್ನೂ ಮುಂದಿಡುತ್ತಾರೆ. ಬೂದು ಪಕ್ಷದವರದು ಸಂಸಾರಸ್ಥರ ಲೆಕ್ಕ: ಆದೇಶ ಬಂದ ತಕ್ಷಣ ಯಾರಾದರೂ ಹಳೇ ಸ್ಟಾಕ್ ಚೆಲ್ಲುತ್ತಾರಾ?

ಫೋಟೋ ನೋಡಿದರೆ ತಿಳಿಯುತ್ತದೆ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಕಪ್ಪುಬಿಳುಪು ಚಿತ್ರ ಬಣ್ಣವನ್ನು ಬಚ್ಚಿಡುವುದಷ್ಟೇ ಅಲ್ಲ, ಸುಳ್ಳೂ ಹೇಳುತ್ತದೆ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಹಾಗಾಗಿ ಕೆಂಪು ಕಪ್ಪಾಗುತ್ತದೆ, ನೀಲಿ ಬಿಳಚಿಕೊಳ್ಳುತ್ತದೆ. ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ಹಡಗು ಬೇರೆ ಥರ. ಲೆನ್ಸಿನ ಮುಂದೆ ಫಿಲ್ಟರ್ ಇದ್ದರೆ ಮತ್ತೊಂದು ಥರ. ಸ್ಫೋಟದ ಕ್ಷಣವನ್ನು ಸೊಲೇಸ್ ಎಂಬ ಆಸ್ಪತ್ರೆ ಹಡಗಿನಿಂದ ಬಣ್ಣದ ಫಿಲ್ಮಿನಲ್ಲೇ ತೆಗೆದಿದ್ದಾರೆ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ನನ್ನ ಕಣ್ಣಿಗೆ ಸಿಕ್ಕಿದ್ದು ಬೆಂಕಿ ಮತ್ತು ಹೊಗೆ ಮಾತ್ರ.

ಇನ್ನು ಆ ನೀಲಿಯಾದರೂ ಯಾವ ನೀಲಿ? ಈ ಭಾಗ ನನಗೆ ಬಹಳ ಇಷ್ಟ, ಯಾಕಂದರೆ ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. 5-ಎಸ್ ಅನ್ನು ಬಿಳಿ ಮೂಲಬಣ್ಣಕ್ಕೆ ನೇರಳೆ ಛಾಯೆಯ ನೀಲಿ ಪೇಸ್ಟ್ ಬೆರೆಸಿ ಮಾಡುತ್ತಿದ್ದರು. ಸ್ವಲ್ಪ ಹಾಕಿದರೆ ಮಬ್ಬು ಬೂದು, ಜಾಸ್ತಿ ಹಾಕಿದರೆ ಕಡಲನೀಲಿ, ಇನ್ನೂ ಹಾಕಿದರೆ ನೇವಿ ಬ್ಲೂ. ಬಿಳಿ ಪೇಂಟಿಗೆ ಸ್ಟೇನರ್ ಹಾಕಿದ ಹಾಗೇ. ಗೋಡೆಗೆ ಹೊಡೆಯುವಾಗ ಮೊದಲ ಬಕೆಟ್ ಸಾಲದೆ ಎರಡನೆಯದು ಕಲಸಿದರೆ ಏನಾಗುತ್ತದೆ? ಬಾಗಿಲ ಈಚೆ ಒಂದು ಶೇಡ್, ಆಚೆ ಒಂದು ಶೇಡ್. ಹಡಗಿನಲ್ಲಿ ಕಲಸಿದವನ ಕೈಯೂ ಎಲ್ಲರಂಥದೇ. ಅದರ ಮೇಲೆ ಉಪ್ಪುಗಾಳಿ, ಬಿಸಿಲು.

ಬ್ರಿಟಿಷ್ ಹಡಗುಗಳದು ಬೇರೆ ತಲೆನೋವು. ಅವರ ತವರು ನೌಕಾಪಡೆಗೆ 507ಎ ಎಂಬ ಗಾಢ ಬೂದು, ಬಿಸಿಲು ಜಾಸ್ತಿ ಇರುವ ಮೆಡಿಟರೇನಿಯನ್ ಕಡೆಗೆ 507ಸಿ ಎಂಬ ತಿಳಿ ಬೂದು. ನಡುವೆ 507ಬಿ ಅಂತ ಒಂದಿದೆ. ಮಾಡೆಲ್ ಕಟ್ಟುವವರು ಅದನ್ನು ಮೂರನೇ ಶೇಡ್ ಅಂತಲೇ ಬಹಳ ವರ್ಷ ನಂಬಿದ್ದರು. ಪೇಂಟ್ ಬಾಟಲಿಗಳೂ ಹಾಗೇ ಬಂದವು. ಈಚೆಗೆ ನೌಕಾಪಡೆಯ ಹಳೇ ಕಾಗದಪತ್ರ ಓದಿದ ಕೆಲವರ ವಾದವೇ ಬೇರೆ: ಎ ಮತ್ತು ಬಿ ಒಂದೇ ಶೇಡ್, ಬಿ ಅಂದರೆ ಎನಾಮೆಲ್ ಬೆರೆತು ಹೊಳಪು ಹೆಚ್ಚಾದದ್ದು ಅಷ್ಟೇ. ಬ್ರಿಟಿಷರ 'ಹುಡ್' ಹಡಗಿನ ಮಾಡೆಲಿಗೆ ಮೂರು ಸಲ ಬಣ್ಣ ಬದಲಿಸಿದ ಗೆಳೆಯನೊಬ್ಬ ಇದನ್ನು ಕೇಳಿ ಬ್ರಷ್ ಎತ್ತಿಟ್ಟ. ಹಳೇ ಬಣ್ಣದ ಕಾರ್ಡುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಕತ್ತಲೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದರೆ ಹಳದಿಯಾಗುತ್ತದೆ. ನೀಲಿ ಬೂದಿಗೆ ಹಳದಿ ಸೇರಿದರೆ ಹಸಿರು ಛಾಯೆ ಬರುತ್ತದೆ.

ಬೂದಿಗೆ ಕೆಂಪು ಬೆರೆಸಿದವರೂ ಉಂಟು. ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ 1940ರಲ್ಲಿ ತಮ್ಮ ಡಿಸ್ಟ್ರಾಯರ್‌ಗಳಿಗೆ ಗುಲಾಬಿ ಛಾಯೆಯ ಬಣ್ಣ ಹೊಡೆಸಿದರು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹಡಗು ಕಾಣದಿರಲಿ ಅಂತ. ಅದರ ಹೆಸರೇ ಮೌಂಟ್‌ಬ್ಯಾಟನ್ ಪಿಂಕ್.

ಆದ್ದರಿಂದ ಬಣ್ಣ ಯಾವುದು ಅನ್ನುವ ಮೊದಲು ತಾರೀಖು ಯಾವುದು ಅಂತ ಕೇಳಬೇಕು. ನಮ್ಮ ಐಎನ್‌ಎಸ್ ಮೈಸೂರ್ 1957ಕ್ಕೆ ಮುಂಚೆ ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ. ಒಡಲು ಒಂದೇ. ಆದರೆ ನೈಜೀರಿಯಾದ ಯುದ್ಧಕಾಲದ ಮರೆಬಣ್ಣವನ್ನು ಮೈಸೂರಿಗೆ ಹಚ್ಚಿದರೆ ಅದು ಯಾವ ದಿನದ ಹಡಗೂ ಆಗುವುದಿಲ್ಲ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಯುದ್ಧನೌಕೆ ನೋಡಿ ಬಣ್ಣ ಕಲಸಲು ಹೊರಟವರಿಗೂ ಇದೇ ಮಾತು. ಮ್ಯೂಸಿಯಂ ಹಡಗಿಗೆ ಬಳಿಯುವುದು ತುಕ್ಕು ಹಿಡಿಯದಿರಲಿ ಅಂತ.

ಕೊನೆಗೂ ಶೇಡ್ ಖಚಿತವಾಯಿತು ಅನ್ನಿ. ಅದನ್ನೇ ಬಾಟಲಿಯಿಂದ ನೇರ ಹಚ್ಚಿದರೆ ಮಾಡೆಲ್ ಕಪ್ಪಗೆ ಕಾಣುತ್ತದೆ. 1:350 ಮಾಡೆಲನ್ನು ಒಂದು ಮೀಟರ್ ದೂರದಿಂದ ನೋಡಿದರೆ ನಿಜದ ಹಡಗನ್ನು 350 ಮೀಟರ್ ಆಚೆಯಿಂದ ನೋಡಿದಂತೆ. ಅಷ್ಟು ದೂರದ ಗಾಳಿ ಬಣ್ಣವನ್ನು ತಿಳಿಯಾಗಿಸುತ್ತದೆ. ಹಾಗಾಗಿ ಸ್ವಲ್ಪ ಬಿಳಿ ಬೆರೆಸುತ್ತಾರೆ. ಎಷ್ಟು ಅಂದರೆ ಮತ್ತೆ ಜಗಳ.

ನಾನು ನೀಲಿ ಪಕ್ಷ ಸೇರಿದ್ದೇನೆ. ಆದೇಶದ ತಾರೀಖು ನನಗೆ ಸ್ಟಾಕಿನ ಲೆಕ್ಕಕ್ಕಿಂತ ಗಟ್ಟಿ ಅನಿಸಿತು. ಕಳೆದ ಭಾನುವಾರ ಮೊದಲ ಕೋಟ್ ಆಯಿತು. ಟ್ಯೂಬ್‌ಲೈಟಿನಡಿ ನೀಲಿ, ಟೆರೇಸಿನ ಬಿಸಿಲಲ್ಲಿ ಬೂದು. ಮಾಸ್ಟಿನ ಮೇಲ್ಭಾಗಕ್ಕೆ ಮಾತ್ರ ಡಬ್ಬಿಯ ಹಾಳೆ ಹೇಳಿದ ತಿಳಿ ಬೂದನ್ನೇ ಹಚ್ಚಿದೆ.