ಬೀರುವಿನಲ್ಲಿದ್ದ ಕ್ಯಾಮೆರಾ

"ಅಂಕಲ್, ಹೊಸದರ ಹಾಗೇ ಇದೆ ನೋಡಿ. ಇಪ್ಪತ್ತೈದು ವರ್ಷದಿಂದ ಯಾರೂ ಮುಟ್ಟಿಲ್ಲ."

ಈ ಮಾತು ಕೇಳಿದರೇ ನನಗೆ ಭಯ. ತುಮಕೂರಿನಲ್ಲಿ ಇಷ್ಟು ವರ್ಷ ಕ್ಯಾಮೆರಾ ಬಿಚ್ಚಿ ಜೋಡಿಸಿದ ಮೇಲೆ ಹೇಳುತ್ತಿದ್ದೇನೆ, ಯಾರೂ ಮುಟ್ಟದೆ ಇಟ್ಟ ಕ್ಯಾಮೆರಾದಷ್ಟು ಕಾಟ ಕೊಡುವುದು ಇನ್ನೊಂದಿಲ್ಲ. ಸಾವಿರ ಮದುವೆ ಕಂಡು ಬಣ್ಣ ಉದುರಿದ ನಿಕಾನ್ ಎಫ್‌ಎಂ2 ಇವತ್ತಿಗೂ ಓಡುತ್ತದೆ. ಬೀರುವಿನಲ್ಲಿ ಸೀರೆಗಳ ಮಧ್ಯೆ ಮಲಗಿದ್ದದ್ದು ಓಡುವುದಿಲ್ಲ. ಒಳಗಿನ ಎಣ್ಣೆ ಗಟ್ಟಿಯಾಗಿರುತ್ತದೆ. ಹಿಂಬಾಗಿಲ ಅಂಚಿನ ಸ್ಪಂಜು ಕರಗಿ ಡಾಂಬರಿನ ಹಾಗೆ ಅಂಟುತ್ತದೆ. ಒಳಗೇ ಬಿಟ್ಟ ಸೆಲ್ ಸೋರಿ ಹಸಿರು ಕಟ್ಟಿರುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಆ ಚಂದದ ಚರ್ಮದ ಕವರ್. ಮಳೆಗಾಲದ ತೇವವನ್ನೆಲ್ಲ ಹಿಡಿದಿಟ್ಟು ಲೆನ್ಸಿಗೆ ಫಂಗಸ್ ಬರಿಸುವುದೇ ಅದು.

ಹುಡುಗ ತಂದಿದ್ದದ್ದು ಅವನ ತಾತನ ಯಾಷಿಕಾ ಎಲೆಕ್ಟ್ರೋ 35. ಕೊಟ್ಟವನೇ ಹಿಂಬಾಗಿಲು ತೆಗೆಯಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಹಳೇ ಕ್ಯಾಮೆರಾ ಸಿಕ್ಕರೆ ಮೊದಲು ರೀಲು ಸುತ್ತುವ ಗುಂಡಿಯನ್ನು ಮೆತ್ತಗೆ ತಿರುಗಿಸಿ ನೋಡಬೇಕು. ಸಡಿಲವಾಗಿ ತಿರುಗುತ್ತಲೇ ಇದ್ದರೆ ಖಾಲಿ. ಬಿಗಿಯಾಗಿ ನಿಂತರೆ ಒಳಗೆ ರೀಲಿದೆ. ಇದರಲ್ಲಿ ನಿಂತಿತು.

ಆ ರೀಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕ್ಯಾಮೆರಾ.

ಎಲೆಕ್ಟ್ರೋ 35 ಬಂದದ್ದು 1966ರಲ್ಲಿ. ಸೆಲ್ ಇಲ್ಲದಿದ್ದರೂ ಶಟರ್ ಹೊಡೆಯುತ್ತದೆ, ಆದರೆ 1/500 ಸೆಕೆಂಡಿನಲ್ಲಿ ಮಾತ್ರ. ಹಾಗಾಗಿ "ಕ್ಲಿಕ್ ಆಗುತ್ತೆ ಸಾರ್" ಅನ್ನುವುದಕ್ಕೆ ಅರ್ಥವೇ ಇಲ್ಲ. ರೀಲು ಮುಂದಕ್ಕೆ ಸರಿಸುವ ಲಿವರ್ ನಿಧಾನವಾಗಿ ಎಳೆಯಿರಿ, ಒಳಗಿನಿಂದ ದಪ್ಪಗೆ 'ಠಕ್' ಅನ್ನಬೇಕು. ಅನ್ನದಿದ್ದರೆ ಒಳಗಿನ ಒಂದು ಚಿಕ್ಕ ರಬ್ಬರ್ ತುಂಡು ಪುಡಿಯಾಗಿದೆ ಎಂದು ಅರ್ಥ. ಕಡಲೆಕಾಳಿಗಿಂತ ಚಿಕ್ಕದು. ಅದನ್ನು ಬದಲಿಸುವುದಕ್ಕೆ ಮೇಲಿನ ಮುಚ್ಚಳವೆಲ್ಲ ಬಿಚ್ಚಬೇಕು. ಇದರ ಹಳೇ ಪಾದರಸದ ಸೆಲ್ ಈಗ ಸಿಗುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ಹಾಕಿ, ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಕೊಟ್ಟರೆ ನಡೆಯುತ್ತದೆ.

ಕೊಳ್ಳುವಾಗ, ಅದು ಬೆಂಗಳೂರಿನ ಸಂಡೆ ಬಜಾರ್ ಆಗಲಿ, ನಮ್ಮೂರಲ್ಲಿ ಮುಚ್ಚುತ್ತಿರುವ ಸ್ಟುಡಿಯೋ ಆಗಲಿ, ಹಗಲು ಹೊತ್ತಲ್ಲೇ ಹೋಗಿ. ಜೇಬಲ್ಲಿ ಮೊಬೈಲ್ ಟಾರ್ಚ್ ಇದ್ದರೆ ಸಾಕು. ಲೆನ್ಸ್ ಬಾಯಿ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಓರೆಯಾಗಿ ನೋಡಿ. ಒಂದಿಷ್ಟು ಧೂಳಿದ್ದರೂ ಪರವಾಗಿಲ್ಲ, ಫೋಟೊದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಅಗ್ಗ ಅಂತ ತಂದು ಮನೆಯ ಬೇರೆ ಲೆನ್ಸುಗಳ ಪಕ್ಕ ಮಾತ್ರ ಇಡಬೇಡಿ. ಆಮೇಲೆ ಶಟರನ್ನು 1 ಸೆಕೆಂಡಿಗೆ ಇಟ್ಟು ಹೊಡೆಯಿರಿ. ಮುದಿ ಕ್ಯಾಮೆರಾ ಸುಳ್ಳು ಹೇಳುವುದು ಇಂಥ ನಿಧಾನದ ವೇಗಗಳಲ್ಲೇ. ಎರಡು ಸೆಕೆಂಡ್ ಎಳೆದಾಡಿದರೆ ಎಣ್ಣೆ ಗಟ್ಟಿಯಾಗಿದೆ, ಸರ್ವೀಸ್ ಖರ್ಚು ಬೆಲೆಯಲ್ಲಿ ಕಳೆಯಲು ಹೇಳಿ. ಶಟರಿನ ಪರದೆಗೆ ಮಾತ್ರ ಬೆರಳು ತಾಗಿಸಬೇಡಿ, ದಯವಿಟ್ಟು.

ಕರಗಿದ ಸ್ಪಂಜಿಗೆ ಹೆದರಬೇಕಾಗಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದು, ಆ ಸಂದಿಗೆ ಸ್ವೆಟರ್ ಹೆಣೆಯುವ ಕಪ್ಪು ಉಲ್ಲನ್ ದಾರ ಕೂರಿಸುತ್ತೇನೆ. ನೋಡುವುದಕ್ಕೆ ತಮಾಷೆ, ಆದರೆ ಒಂದು ಚೂರು ಬೆಳಕು ಒಳಗೆ ನುಗ್ಗುವುದಿಲ್ಲ.

ಪಾದರಸದ 1.35 ವೋಲ್ಟ್ ಗುಂಡು ಸೆಲ್ ಕೇಳುವ ಕ್ಯಾಮೆರಾಗಳೂ ಬೇಕಾದಷ್ಟಿವೆ, ಯಾಷಿಕಾ ಮ್ಯಾಟ್ 124ಜಿ ಥರದವು. ಮಾಮೂಲಿ 1.5 ವೋಲ್ಟಿನದು ಹಾಕಿದರೆ ಬೆಳಕು ಅಳೆಯುವ ಮೀಟರ್ ತಪ್ಪು ತೋರಿಸುತ್ತದೆ. ಕಿವಿ ಮೆಷಿನ್‌ಗೆ ಹಾಕುವ 675 ನಂಬರಿನ ಸೆಲ್ 1.4 ವೋಲ್ಟ್, ಸುತ್ತ ಒಂದು ಬಳೆ ಕೊಟ್ಟು ಕೂರಿಸಿದರೆ ಆಯ್ತು. ಸೆಲ್ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಕೆಲವು ವಾರ ಬರುತ್ತದೆ ಅಷ್ಟೇ. ಸುಮ್ನೆ ತಲೆನೋವು ಬೇಡ ಅನ್ನುವವರಿಗೆ ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾಯಿತು. ಸೆಲ್ ಬೇಕಿರುವುದು ಮೀಟರಿಗೆ ಮಾತ್ರ. ಮೀಟರ್ ಸತ್ತರೂ ನಮ್ಮ ಬಿಸಿಲಿಗೆ ಲೆಕ್ಕ ಸುಲಭ. ದೇವರಾಯನದುರ್ಗದಲ್ಲಿ ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ, ಐಎಸ್ಒ 200ರ ರೀಲಿದ್ದರೆ, ಲೆನ್ಸ್ ಬಾಯಿ ಎಫ್16, ಶಟರ್ 1/250. ಮೋಡ ಮುಚ್ಚಿದರೆ ಎಫ್8.

ರೀಲು ಹಾಕುವುದನ್ನು ಮೊದಲ ಸಲ ಯಾರಾದರೂ ಗೊತ್ತಿದ್ದವರ ಮುಂದೆ ಮಾಡಿ. ನನ್ನದೇ ಕಥೆ ಕೇಳಿ. ಹುಡುಗನಾಗಿದ್ದಾಗ ಗುಬ್ಬಿ ಹತ್ತಿರ ಒಂದು ಮದುವೆ. ಧಾರೆ, ಸಪ್ತಪದಿ, ಎಲ್ಲಾ ಹೊಡೆದೆ. ಕೌಂಟರ್ 36 ದಾಟಿ 38 ತೋರಿಸಿದಾಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ರೀಲಿನ ತುದಿ ಹಲ್ಲಿಗೆ ಸಿಕ್ಕೇ ಇರಲಿಲ್ಲ. ರೀಲು ಓಡದಿದ್ದರೂ ಕೌಂಟರ್ ಓಡುತ್ತದೆ, ಅದೇ ಮೋಸ. ಹುಡುಗಿಯ ಅಪ್ಪ ನನಗೆ ಏನಂದರು ಅನ್ನುವುದನ್ನು ಇಲ್ಲಿ ಬರೆಯಲಾಗದು. ಅವತ್ತಿನಿಂದ ಲಿವರ್ ಎಳೆದಾಗಲೆಲ್ಲ ಎಡಗಡೆಯ ಗುಂಡಿ ಜೊತೆಗೆ ತಿರುಗುತ್ತಿದೆಯಾ ಅಂತ ನೋಡುತ್ತೇನೆ. ಅದು ತಿರುಗಿದರೆ ಮಾತ್ರ ಫೋಟೊ.

ಇನ್ನು ತಾತನ ರೀಲು. ತಳದ ಬಟನ್ ಒತ್ತಿ, ಒಂದೊಂದೇ ಸುತ್ತು ಹಿಂದಕ್ಕೆ ಸುತ್ತಿದೆ. ಒಣಗಿದ ರೀಲು, ಜೋರು ಮಾಡಿದರೆ ಹರಿಯುತ್ತದೆ. ಕಲರ್ ರೀಲೇ ಆದರೂ ಇಷ್ಟು ಹಳೆಯದನ್ನು ಕಪ್ಪು ಬಿಳುಪಿನ ಕೆಮಿಕಲ್‌ನಲ್ಲಿ ತೊಳೆಯುವುದೇ ಕ್ಷೇಮ, ಏನಾದರೂ ಉಳಿದಿದ್ದರೆ ಬರುತ್ತದೆ. ಡಿ-76 ಅನ್ನುವ ಆ ಕೆಮಿಕಲ್ ಅನ್ನು 20 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್‌ನಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರಿನಲ್ಲಿ ಅನ್ನ ಬೇಯಿಸಬಹುದು, ಗೊತ್ತಲ್ವಾ. ಐಸ್ ತುಂಬಿದ ಬಕೆಟ್ಟಿನಲ್ಲಿ ಬಾಟಲಿ ಇಟ್ಟುಕೊಂಡು ಕೂತೆ.

ಏಳು ಫ್ರೇಮ್ ಬಂದವು, ಮಂಜು ಕವಿದ ಹಾಗೆ. ಐದರಲ್ಲಿ ಒಂದು ಬಜಾಜ್ ಚೇತಕ್. ಮುಂದಿನಿಂದ, ಪಕ್ಕದಿಂದ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು. ಆರನೆಯದರಲ್ಲಿ ಅಜ್ಜಿಯ ಅರ್ಧ ಮುಖ, ಉಳಿದರ್ಧ ಸ್ಕೂಟರ್. ಏಳನೆಯದು ತಾತನ ಹೆಬ್ಬೆರಳು.

ಹುಡುಗ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದ. ಆಮೇಲೆ, "ಅಂಕಲ್, ಬೆರಳಿಂದೂ ಒಂದು ಪ್ರಿಂಟ್ ಹಾಕಿ" ಅಂದ.