ರೀಪರ್‌ನಲ್ಲಿ ಮಿಡಿ ರೆಕಾರ್ಡಿಂಗ್: ಟ್ರ್ಯಾಕ್ ಆರ್ಮ್‌ನಿಂದ ತೋಡಿಯ ಗಾಂಧಾರದವರೆಗೆ

ಮಿಡಿ ಎಂದರೆ ಕೀಬೋರ್ಡ್‌ನಂಥ ವಾದ್ಯ ಮತ್ತು ಕಂಪ್ಯೂಟರ್ ನಡುವಿನ ಸಂಕೇತ ಭಾಷೆ. ಮಿಡಿ ಟ್ರ್ಯಾಕಿನಲ್ಲಿ ಸದ್ದು ಇರುವುದಿಲ್ಲ. ಯಾವ ಕೀ ಒತ್ತಿದಿರಿ, ಯಾವ ಕ್ಷಣದಲ್ಲಿ, ಎಷ್ಟು ರಭಸವಾಗಿ, ಯಾವಾಗ ಬಿಟ್ಟಿರಿ, ಸ್ವರ ಬಾಗಿಸುವ ವೀಲ್, ಪೆಡಲ್ ಏನಾದರೂ ಮುಟ್ಟಿದಿರಾ: ದಾಖಲಾಗುವುದು ಇಷ್ಟೇ. 1983ರಲ್ಲಿ ಬಂದ ಈ ಪದ್ಧತಿ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಸ್ವರಕ್ಕೆ 0ಯಿಂದ 127, ರಭಸಕ್ಕೂ 127ರವರೆಗೆ, ಚಾನೆಲ್ 16. ಸದ್ದು ಹುಟ್ಟಿಸುವ ಕೆಲಸ ಟ್ರ್ಯಾಕಿಗೆ ಹಾಕಿದ ಪ್ಲಗಿನ್‌ನದು, ಅಂದರೆ ಒಳಗೆ ಸೇರಿಸುವ ಸಾಫ್ಟ್‌ವೇರ್ ವಾದ್ಯದ್ದು.

ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮೊದಲು ಪ್ರಿಫರೆನ್ಸಸ್‌ಗೆ ಹೋಗಿ ನಿಮ್ಮ ಕೀಬೋರ್ಡನ್ನು ಮಿಡಿ ಇನ್‌ಪುಟ್ ಆಗಿ ಎನೇಬಲ್ ಮಾಡಿ. ಹೊಸ ಟ್ರ್ಯಾಕಿಗೆ ಕಂಟ್ರೋಲ್-ಟಿ. ಎಫ್‌ಎಕ್ಸ್ ಒತ್ತಿ ಒಂದು ಸಿಂತ್ (ಸದ್ದು ಹುಟ್ಟಿಸುವ ಪ್ಲಗಿನ್) ಹಾಕಿ. ಕಲಿಯುವುದಕ್ಕೆ ಜೊತೆಗೇ ಬರುವ ರೀಸಿಂತ್ ಸಾಕು. ಟ್ರ್ಯಾಕನ್ನು ರೆಕಾರ್ಡಿಂಗ್‌ಗೆ ಸಜ್ಜು ಮಾಡುವ ಕೆಂಪು ಆರ್ಮ್ ಬಟನ್ ಒತ್ತಿ, ಇನ್‌ಪುಟ್‌ನಲ್ಲಿ ನಿಮ್ಮ ಕೀಬೋರ್ಡ್, ಆಲ್ ಚಾನೆಲ್ಸ್ ಆರಿಸಿ, ಮಾನಿಟರಿಂಗ್ ಆನ್ ಇಡಿ. ಕೀ ಒತ್ತಿದಾಗ ಮೀಟರ್ ಅಲುಗಿಯೂ ಸದ್ದು ಬರದಿದ್ದರೆ ಪ್ಲಗಿನ್ ನೋಡಿ; ಮೀಟರೇ ಅಲುಗದಿದ್ದರೆ ಇನ್‌ಪುಟ್ ನೋಡಿ. ಕೀಬೋರ್ಡ್ ಇಲ್ಲದವರಿಗೆ ಆಲ್ಟ್-ಬಿ ಒತ್ತಿದರೆ ವರ್ಚುವಲ್ ಕೀಬೋರ್ಡ್ ತೆರೆಯುತ್ತದೆ. ಆದರೆ ಅಕ್ಷರದ ಕೀಗೆ ರಭಸ ತಿಳಿಯದು, ನುಡಿಸಿದ್ದೆಲ್ಲ ಒಂದೇ ಮಟ್ಟದಲ್ಲಿ ಬೀಳುತ್ತದೆ.

ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತಿದೆಯೇ? ಅದು ಮಿಡಿಯ ತಪ್ಪಲ್ಲ, ಆಡಿಯೊ ಬಫರ್‌ನದು, ಅಂದರೆ ಕಂಪ್ಯೂಟರ್ ಸದ್ದನ್ನು ಹೊರಬಿಡುವ ಮೊದಲು ಕೂಡಿಡುವ ತುಣುಕಿನದು. 44,100 ಸ್ಯಾಂಪಲ್ ದರದಲ್ಲಿ 1024ರ ಬಫರ್ ಒಂದೇ ಸುಮಾರು 23 ಮಿಲಿಸೆಕೆಂಡ್ ತಿನ್ನುತ್ತದೆ, 128 ಇಟ್ಟರೆ ಸುಮಾರು 3. ರೆಕಾರ್ಡ್ ಮಾಡುವಾಗ ಚಿಕ್ಕದು, ಮಿಕ್ಸ್ ಮಾಡುವಾಗ ದೊಡ್ಡದು. ವಿಂಡೋಸ್‌ನಲ್ಲಾದರೆ ತಡ ಕಡಿಮೆ ಮಾಡುವ ಏಸಿಯೊ ಡ್ರೈವರ್ ಬಳಸಿ.

ಇನ್ನು ತಾಳ. ಏಳು ಎಣಿಕೆಯ ಮಿಶ್ರ ಛಾಪು ನುಡಿಸುವವರು ಪ್ರಾಜೆಕ್ಟನ್ನು 4/4ರಲ್ಲೇ ಬಿಟ್ಟರೆ ಮೆಟ್ರೊನೋಮ್‌ನ ಒತ್ತು ಪ್ರತಿ ಆವರ್ತನದಲ್ಲೂ ಬೇರೆ ಕಡೆ ಬಿದ್ದು ತಲೆ ಕೆಡಿಸುತ್ತದೆ. 7/8 ಇಡಿ. ನುಡಿಸಿದ ಮೇಲೆ ದಾಖಲಾದ ತುಣುಕಿನ (ಐಟಮ್) ಮೇಲೆ ಡಬಲ್ ಕ್ಲಿಕ್ ಮಾಡಿ, ಎಡಿಟರ್‌ನಲ್ಲಿ ಕ್ಯೂ ಒತ್ತಿದರೆ ಸ್ವರಗಳನ್ನು ತಾಳದ ಗೆರೆಗೆ ಸರಿಸುವ ಕ್ವಾಂಟೈಸ್ ಬರುತ್ತದೆ. ಸ್ಟ್ರೆಂತ್ ನೂರಕ್ಕೆ ಎಳೆಯುವ ಚಪಲ ಬೇಡ. ಅರ್ಧದಷ್ಟು ಇಟ್ಟರೆ ಅಡ್ಡಾದಿಡ್ಡಿ ಸ್ವರಗಳು ಹತ್ತಿರ ಸರಿಯುತ್ತವೆ, ಕೈಯ ನಡೆ ಉಳಿಯುತ್ತದೆ. ನೂರರಲ್ಲಿ ಮೃದಂಗದ ಸ್ಯಾಂಪಲ್ ಕೂಡ ಟೈಪ್‌ರೈಟರ್ ಆಗುತ್ತದೆ.

ನಮ್ಮ ಸಂಗೀತಕ್ಕೆ ನಿಜವಾದ ಪರೀಕ್ಷೆ ಗಮಕ. ತೋಡಿ ರಾಗವನ್ನೇ ತೆಗೆದುಕೊಳ್ಳಿ. ಷಡ್ಜವನ್ನು ಸಿ ಕೀಗೆ ಇಟ್ಟರೆ ಸಾಧಾರಣ ಗಾಂಧಾರ ಇ-ಫ್ಲಾಟ್. ಅದನ್ನು ಸುಮ್ಮನೆ ಒತ್ತಿದರೆ ತೋಡಿ ಆಗುವುದಿಲ್ಲ, ಗಾಂಧಾರ ರಿಷಭ-ಮಧ್ಯಮಗಳ ನಡುವೆ ತೂಗಬೇಕು. ಶುದ್ಧ ರಿಷಭ ಎರಡು ಅರ್ಧಸ್ವರ ಕೆಳಗೆ, ಶುದ್ಧ ಮಧ್ಯಮ ಎರಡು ಮೇಲೆ. ಬಹುತೇಕ ಸಿಂತ್‌ಗಳ ಪಿಚ್ ಬೆಂಡ್ (ವೀಲ್‌ನಿಂದ ಸ್ವರ ಬಾಗಿಸುವ) ಮಿತಿಯೂ ಮೂಲದಲ್ಲಿ ಮೇಲೆ ಎರಡು, ಕೆಳಗೆ ಎರಡು, ಇದಕ್ಕೆಂದೇ ಮಾಡಿದಂತಿದೆ! ಆದರೆ ಸಾದಿಂದ ಪಾಗೆ ಜಾರು ಬೇಕೆಂದರೆ ಏಳು ಅರ್ಧಸ್ವರ, ಆಗ ಪ್ಲಗಿನ್‌ನಲ್ಲೇ ಮಿತಿ ಹೆಚ್ಚಿಸಬೇಕು. ಹೆಚ್ಚಿಸಿದ ಮೇಲೆ ಹಳೆಯ ಟೇಕಿನ ಗಮಕಗಳೆಲ್ಲ ಅಷ್ಟೇ ಪಟ್ಟು ಹಿಗ್ಗುತ್ತವೆ, ಏಕೆಂದರೆ ಟ್ರ್ಯಾಕಿನಲ್ಲಿರುವುದು ವೀಲ್ ಎಷ್ಟು ತಿರುಗಿತೆಂಬ ಅಂಕಿ ಮಾತ್ರ. ಹಾಗಾಗಿ ಮಿತಿಯನ್ನು ರೆಕಾರ್ಡಿಂಗ್‌ಗೆ ಮೊದಲೇ ನಿಗದಿ ಮಾಡಿಕೊಳ್ಳಿ. ಇನ್ನೊಂದು ಸಂಗತಿ: ಪಿಚ್ ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಶ್ರುತಿಯ ಷಡ್ಜವನ್ನೂ ಅದೇ ಚಾನೆಲ್‌ನಲ್ಲಿ ಹಿಡಿದಿದ್ದರೆ ಗಾಂಧಾರದ ಜೊತೆ ಅದೂ ತೂಗುತ್ತದೆ. ತಂಬೂರಿಗೆ ಬೇರೆ ಟ್ರ್ಯಾಕ್ ಕೊಡಿ.

ಸ್ವರ ಮತ್ತು ವೀಲ್ ಎರಡನ್ನೂ ಒಟ್ಟಿಗೆ ನಿಭಾಯಿಸಲು ಕೈ ಪಳಗಿಲ್ಲವೆಂದರೆ ರೆಕಾರ್ಡ್ ಮೋಡನ್ನು ಮಿಡಿ ಓವರ್‌ಡಬ್‌ಗೆ ಬದಲಿಸಿ. ಮೊದಲ ಸುತ್ತಿನಲ್ಲಿ ಸ್ವರ ಮಾತ್ರ, ಎರಡನೆಯದರಲ್ಲಿ ಅದನ್ನೇ ಕೇಳುತ್ತಾ ವೀಲ್ ಮಾತ್ರ. ಎರಡೂ ಒಂದೇ ಐಟಮ್‌ನಲ್ಲಿ ಸೇರುತ್ತವೆ. ಅತಿಯಾದ ಬಾಗು ಕಂಡರೆ ಎಡಿಟರ್‌ನ ಕೆಳಗಿನ ಲೇನ್‌ನಲ್ಲಿ ಪಿಚ್ ಆರಿಸಿ ಮೌಸಿನಿಂದ ತಿದ್ದಬಹುದು. ಸ್ವರ ಮುಗಿಯುವ ಕಡೆ ವೀಲ್ ನಡುವಿಗೆ ಮರಳಿದೆಯೇ ಎಂದು ಅಲ್ಲೇ ನೋಡಿಬಿಡಿ. ಇಲ್ಲದಿದ್ದರೆ ಮುಂದಿನ ಸ್ವರಗಳೆಲ್ಲ ಅಪಶ್ರುತಿಯಲ್ಲಿ ಸಾಗುತ್ತವೆ.